ಮರದ ಕತ್ತೆ

ಗಡ್ಡ ತುರಿಸುತ್ತಿತ್ತು. ನಾರುಬಟ್ಟೆಗೆ ಆಡಿನ ಕೂದಲು ಹೊಲಿದು ಮಾಡಿದ ಗಡ್ಡ; ಹೋದ ವರ್ಷದ ನಾಟಕದಲ್ಲಿ ಇದನ್ನೇ ನೋಹ ಹಾಕಿಕೊಂಡಿದ್ದ, ಅದರ ಹಿಂದಿನ ವರ್ಷ ಒಬ್ಬ ರೋಮನ್ ಜಿಪುಣ, ಇಬ್ಬರ ಬೆವರೂ ಇನ್ನೂ ಅದರಲ್ಲೇ ಇತ್ತು. ಈ ವರ್ಷ ಅದು ಪ್ರವಾದಿ ಎಲೀಷನದು. ಬಿಷಪ್ಪರ ಅರಮನೆಯ ದೊಡ್ಡ ಹಜಾರಕ್ಕೆ ಅಂಟಿಕೊಂಡಿದ್ದ ಸಣ್ಣ ಕೋಣೆಯಲ್ಲಿ ಶಾಲೆಯ ಮೇಷ್ಟ್ರು ಸಿಮೋನ್ ಕ್ರಿಸ್ಪುಸ್ ಅದರ ದಾರವನ್ನು ಕಿವಿಯ ಹಿಂದೆ ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು ಮಾಡುತ್ತಿದ್ದ. ಕೈಗೆ ಏನಾದರೂ ಕೆಲಸ ಬೇಕಿತ್ತು. ಕೈ ಖಾಲಿಯಾದರೆ ಅದು ತಾನಾಗಿ ಆ ಮೂಲೆಯ ಕಡೆ ಹೋಗಿ ಹುಡುಗನ ಹಣೆ ಮುಟ್ಟಿ ನೋಡೀತು ಎಂಬ ಹೆದರಿಕೆ ಅವನಿಗೆ. ಮುಟ್ಟಿದರೆ ಗೊತ್ತಾಗುತ್ತದೆ. ಗೊತ್ತಾದರೆ ಏನಾದರೂ ಮಾಡಬೇಕಾಗುತ್ತದೆ. ಮುಟ್ಟದೆ ಇದ್ದರೆ ಎಲ್ಲ ಸರಿಯಾಗಿಯೇ ಇದೆ: ಹಜಾರದಲ್ಲಿ ಬೆಂಚು ಎಳೆಯುವ ಸದ್ದು, ಅಂಗಳದಾಚೆಯ ಅಡುಗೆಮನೆಯಿಂದ ಕೊಬ್ಬಿನಲ್ಲಿ ಕರಿಯುತ್ತಿರುವ ಸಿಹಿ ಉಂಡೆಗಳ ವಾಸನೆ. ನಾಳೆ ಬೂದಿ ಬುಧವಾರ, ಉಪವಾಸ ಶುರು. ಇವತ್ತು ಊರಿಗೆ ಊರೇ ತಿಂದು ಕುಡಿದು ಕುಣಿಯುವ ದಿನ, ಬಿಷಪ್ಪರ ಮುಂದೆ ಶಾಲೆಯ ಹುಡುಗರು ಲ್ಯಾಟಿನ್ ನಾಟಕ ಆಡುವ ದಿನ. ಹುಡುಗ ವೀತ್ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಕಿಟಕಿಯ ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ಹಾಗೆ ನಿಂತಿದ್ದ. ಹಾಗೆಂದು ಅವನು ಹೇಳಿರಲಿಲ್ಲ. ಮೇಷ್ಟ್ರಿಗೆ ಗೊತ್ತಿತ್ತು, ಅಷ್ಟೆ.

ಬೆಳಿಗ್ಗೆ ಅವನ ತಾಯಿ ಶಾಲೆಗೆ ಬಂದಿದ್ದಳು. ದೋರೋತಾ, ಅರಮನೆಯ ಅಡುಗೆಮನೆಯಲ್ಲಿ ಮೀನು ಕೊಯ್ಯುವ ವಿಧವೆ. ಎಷ್ಟು ತೊಳೆದರೂ ಅವಳ ತೋಳಿನಲ್ಲಿ ಎಲ್ಲೋ ಒಂದು ಹುರುಪೆ ಅಂಟಿಕೊಂಡೇ ಇರುತ್ತಿತ್ತು. ಶಾಲೆಯ ಬಾಗಿಲೊಳಗೆ ಕಾಲಿಟ್ಟರೆ ಲ್ಯಾಟಿನ್ ಬಿಟ್ಟು ಬೇರೆ ಮಾತಿಲ್ಲ ಎಂಬುದು ಊರಿಗೆಲ್ಲ ಗೊತ್ತು. ಹುಡುಗರಲ್ಲೇ ಒಬ್ಬನನ್ನು ತೋಳ ಎಂದು ನೇಮಿಸುತ್ತಾರೆ. ಯಾರಾದರೂ ಬಾಯಿತಪ್ಪಿ ಮನೆಮಾತು ಆಡಿದರೆ ತೋಳ ಹಿಡಿದುಕೊಡುತ್ತಾನೆ, ಸಿಕ್ಕಿಬಿದ್ದವನ ಕೊರಳಿಗೆ ಮರದ ಕತ್ತೆ ಬೀಳುತ್ತದೆ, ಇನ್ನೊಬ್ಬ ಸಿಗುವ ತನಕ ಅದು ಅವನದೇ, ಊಟಕ್ಕೂ ಅದೇ, ಪ್ರಾರ್ಥನೆಗೂ ಅದೇ. ಮೇಷ್ಟ್ರು ಕೂಡ ಒಳಗೆ ಮನೆಮಾತು ಆಡುವಂತಿಲ್ಲ. ತಂದೆತಾಯಿ ಬಂದರೆ ಅವರ ಮಾತನ್ನು ಮಗನೇ ಲ್ಯಾಟಿನ್ನಿಗೆ ತಿರುಗಿಸಿ ಮೇಷ್ಟ್ರಿಗೆ ಹೇಳಬೇಕು, ಮೇಷ್ಟ್ರ ಮಾತನ್ನು ಮಗನೇ ಅವರಿಗೆ ತಿಳಿಸಬೇಕು. ಮಗ ಕಲಿತದ್ದು ಹೆತ್ತವರ ಕಣ್ಣಿಗೂ ಕಂಡಂತಾಯಿತಲ್ಲ! ಈ ಏರ್ಪಾಡು ಸಿಮೋನನದೇ, ಬಿಷಪ್ಪರು ಬಹಳ ಮೆಚ್ಚಿಕೊಂಡಿದ್ದರು. ಹಾಗೆಂದು ಸಿಮೋನ ಪರದೇಶದವನಲ್ಲ. ಇದೇ ಹಾನಾ ಸೀಮೆಯ ಗಿರಣಿಯವನ ಮಗ. ಗುಂಗುರು ಕೂದಲಿನವರು ಎಂಬರ್ಥದ ಮನೆತನದ ಹೆಸರನ್ನು ಪಂಡಿತರೆಲ್ಲ ಮಾಡುವಂತೆ ಲ್ಯಾಟಿನ್ನಿಗೆ ತಿರುಗಿಸಿಕೊಂಡು ಕ್ರಿಸ್ಪುಸ್ ಆದವನು. ಗುಂಗುರು ಕೂದಲು ಉದುರಿ ಬಹಳ ಕಾಲವಾಗಿತ್ತು, ಹೆಸರು ಉಳಿದಿತ್ತು. ದೋರೋತಾ ಆಡುವ ಒಂದೊಂದು ಮಾತೂ ಅವನಿಗೆ ಅವನ ಅವ್ವನ ಮಾತಿನಷ್ಟೇ ಚೆನ್ನಾಗಿ ತಿಳಿಯುತ್ತಿತ್ತು. ಅದು ಅವಳಿಗೂ ಗೊತ್ತು. ಆದರೂ ನಿಯಮ ನಿಯಮವೇ ಎಂದು ಅವಳು ಮಗನ ಮುಖ ನೋಡಿಯೇ ಮಾತಾಡಿದಳು.

"ಹೇಳೋ ಮಗಾ ಮೇಷ್ಟ್ರಿಗೆ. ರಾತ್ರಿಯೆಲ್ಲಾ ಒದ್ದಾಡಿದೀನಿ, ಹೊಟ್ಟೇಲಿ ನೀರೂ ನಿಲ್ತಿಲ್ಲ, ಕತ್ತು ಬಗ್ಸೋಕೇ ಆಗ್ತಿಲ್ಲ ಅಂತ ಹೇಳು. ಇವತ್ತೊಂದಿನ ಬಿಟ್ಬಿಡಿ, ನಮ್ಮಮ್ಮ ದಮ್ಮಯ್ಯ ಅಂತಾಳೆ ಅಂತ ಹೇಳು."

ವೀತ್ ಬಾಯಿ ತೆರೆದ. ರೋಮಿನ ರಾಜರ ಹೆಸರುಗಳು ಅವನಿಗೆ ಗೊತ್ತಿದ್ದವು, ಹಡಗಿನ ಭಾಗಗಳ ಹೆಸರು ಗೊತ್ತಿದ್ದವು, ಸಮುದ್ರವನ್ನೇ ನೋಡದ ಹುಡುಗನಿಗೆ. ಕತ್ತು ಬಗ್ಗುತ್ತಿಲ್ಲ ಎಂದು ಹೇಳುವುದನ್ನು ಯಾರೂ ಕಲಿಸಿರಲಿಲ್ಲ. ಕಂಬದ ಪಕ್ಕದಲ್ಲಿ ಈ ವಾರದ ತೋಳ ಬೆನೆಶ್ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದ. ವೀತನ ಪಕ್ಕದ ಬೆಂಚಿನವನು, ಅವನ ಗೆಳೆಯ, ಆದರೆ ತೋಳ. ಹುಡುಗ ತಡಕಾಡಿದ, ಮೇಷ್ಟ್ರು ನೋಡುತ್ತಲೇ ಇದ್ದರು, ಕೊನೆಗೆ ಅವನಿಗೆ ಸಿಕ್ಕಿದ್ದು ನಾಟಕದಲ್ಲಿ ಅವನದೇ ಒಂದು ಸಾಲು. ಬೈಬಲ್ಲಿನ ಶೂನೇಮ್ ಊರಿನ ಹೆಂಗಸಿನ ಮಗ ಹೊಲದಲ್ಲಿ ಬಿಸಿಲು ಬಡಿದು ಸಾಯುವ ಮುಂಚೆ ಅಪ್ಪನಿಗೆ ಹೇಳುವ ಸಾಲು. "ನನ್ನ ಶಿರಸ್ಸು, ತಂದೆಯೇ, ನನ್ನ ಶಿರಸ್ಸು," ಎಂದ ಲ್ಯಾಟಿನ್ನಿನಲ್ಲಿ. ಸಿಮೋನನಿಗೆ ಅರ್ಥವಾಯಿತು. ಅಯ್ಯೋ, ಅರ್ಥವಾಗದೆ ಏನು! ತಾಯಿಯ ಬಾಯಿಂದಲೇ ಅರ್ಥವಾಗಿತ್ತು, ಹುಡುಗನ ಕಣ್ಣಿನ ಕೆಂಪಿನಿಂದ ಅರ್ಥವಾಗಿತ್ತು. ಆದರೆ ಅವನ ಬಾಯಿ ಅವನನ್ನು ಕೇಳದೆ ಮಾತಾಡಿತು, ತಾಲೀಮಿನ ಧ್ವನಿಯಲ್ಲಿ, ಅಚ್ಚುಕಟ್ಟಾದ ಲ್ಯಾಟಿನ್ನಿನಲ್ಲಿ: "ಹಸ್ತವನ್ನು ಇನ್ನೂ ಮೇಲೆತ್ತು. ಹಣೆಯನ್ನು ಮುಟ್ಟಬೇಕು, ಕೆನ್ನೆಯನ್ನಲ್ಲ. ಕಡೆಯ ಸಾಲಿನವರಿಗೂ ಕಾಣಬೇಕು." ಹುಡುಗ ಕೈಯೆತ್ತಿ ಹಣೆ ಮುಟ್ಟಿಕೊಂಡ.

"ಏನಂತಾರೋ ಮಗಾ, ಮೇಷ್ಟ್ರು?" ಎಂದಳು ತಾಯಿ.

ವೀತ್ ಮೊದಲು ಮೇಷ್ಟ್ರ ಮುಖ ನೋಡಿದ, ಆಮೇಲೆ ತಾಯಿಯ ಮುಖ. "ವಾಸಿಯಾಗುತ್ತೆ ಅಂತಾರಮ್ಮ. ನಾಟಕ ಮುಗಿದ ತಕ್ಷಣ ಕಳಿಸಿಕೊಡ್ತಾರಂತೆ."

ದೋರೋತಾ ಸಿಮೋನನ ಕಡೆ ತಿರುಗಿ ಮಂಡಿ ಬಗ್ಗಿಸಿ ನಮಸ್ಕಾರ ಮಾಡಿದಳು. "ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಮೇಷ್ಟ್ರೇ," ಎಂದು ಅವನಿಗೇ ನೇರವಾಗಿ ಹೇಳಿ, ನಿಯಮ ಮುರಿದೆನೇನೋ ಎಂಬಂತೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹೊರಟುಹೋದಳು. ಹುಡುಗ ಸುಳ್ಳು ಹೇಳಿದ್ದ. ಯಾರನ್ನು ಕಾಪಾಡಲು ಹೇಳಿದ, ತಾಯಿಯನ್ನೋ ಮೇಷ್ಟ್ರನ್ನೋ? ಹುಡುಗನಿಗೆ ಅದು ಸುಳ್ಳು ಎಂದಾದರೂ ಗೊತ್ತಿತ್ತೋ, ಅಥವಾ ಮೇಷ್ಟ್ರು ಹೇಳಬೇಕಾಗಿದ್ದದ್ದು ಇದು ಎಂದುಕೊಂಡು ಒಳ್ಳೆಯ ವಿದ್ಯಾರ್ಥಿಯ ಹಾಗೆ ತಿದ್ದಿ ಹೇಳಿದನೋ? ಗಡ್ಡದ ದಾರ ಮತ್ತೆ ಸಡಿಲವಾಯಿತು. ಮತ್ತೆ ಕಟ್ಟಿದ.

ಅಷ್ಟಕ್ಕೂ ವೀತನ ಬದಲು ಇನ್ನೊಬ್ಬ ಇರಲಿಲ್ಲ ಎಂದೇನಲ್ಲ. ಬೆನೆಶನಿಗೆ ಆ ಪಾತ್ರ ಆದಿಯಿಂದ ಅಂತ್ಯದವರೆಗೆ ಬಾಯಿಪಾಠ. ತೋಳನಿಗೆ ಎಲ್ಲರ ಮಾತೂ ಕೇಳಿಸಿಕೊಂಡು ಅಭ್ಯಾಸ. ಆದರೆ ಬೆನೆಶನ ಗಂಟಲು ಒಡೆಯುತ್ತಿತ್ತು, ಒಂದು ಸಾಲು ಹೆಂಗಸಿನಂತೆ ಇನ್ನೊಂದು ಸಾಲು ಕಾಗೆಯಂತೆ. ಹಿಂದೊಂದು ಕ್ರಿಸ್ಮಸ್ಸಿನಲ್ಲಿ ವೀತ್ ಹಾಡಿದ್ದನ್ನು ಕೇಳಿ ಬಿಷಪ್ಪರು ಊಟ ನಿಲ್ಲಿಸಿದ್ದರು. ಅದನ್ನು ನೆಚ್ಚಿಕೊಂಡೇ ಸಿಮೋನ ಎರಡು ಚಳಿಗಾಲ ಕೂತು ಈ ನಾಟಕ ಬರೆದದ್ದು: ಮಕ್ಕಳಿಲ್ಲದ ಹೆಂಗಸಿಗೆ ಪ್ರವಾದಿಯ ಆಶೀರ್ವಾದದಿಂದ ಮಗ ಹುಟ್ಟುತ್ತಾನೆ, ಮಗ ಸಾಯುತ್ತಾನೆ, ಪ್ರವಾದಿ ಬಂದು ಬದುಕಿಸುತ್ತಾನೆ. ಪ್ರವಾದಿಯ ಪಾತ್ರ ತನಗೇ ಇಟ್ಟುಕೊಂಡಿದ್ದ. ಹುಡುಗರ ಜೊತೆ ಮೇಷ್ಟ್ರೂ ಬಣ್ಣ ಹಚ್ಚುವುದೇ ಎಂದು ಕೆಲವರು ಮೂಗು ಮುರಿದಿದ್ದರು. ಬೆಳಿಗ್ಗೆ ದೋರೋತಾ ಹೋದ ಮೇಲೆ ಅಂಗಳದಲ್ಲಿ ಸಿಕ್ಕಿದ ಬಿಷಪ್ಪರ ಕಾರ್ಯದರ್ಶಿ ಫಾಲ್ಕೊ ಅವರಲ್ಲಿ ಮೊದಲಿನವನು. ಫಾಲ್ಕೊ ಎಂದರೆ ಗಿಡುಗ; ಅವನ ಅಪ್ಪನ ಹೆಸರೂ ಗಿಡುಗವೇ, ಮನೆಮಾತಿನಲ್ಲಿ. ಅಂಗಳದಲ್ಲಿ ಕತ್ತೆಯ ಕಾಯಿದೆ ಇಲ್ಲವಾದ್ದರಿಂದ ಇಟಲಿಯಲ್ಲಿ ಓದಿ ಬಂದ ಈ ಮಹಾಶಯ ಅಲ್ಲಿ ಕುದುರೆಯಾಳುಗಳ ಹಾಗೆ ಮಾತಾಡುತ್ತಿದ್ದ.

"ಏನ್ರೀ ಎಲೀಷಪ್ಪನೋರೇ! ತಲೆಗೆ ವೇಷ ಬೇಡ ಬಿಡಿ, ದೇವರೇ ಹಾಕಿ ಕಳಿಸಿದಾನೆ. ಆ ಪ್ರವಾದೀನೂ ಬೋಳುತಲೆ ತಾನೇ? ಬೋಳಾ ಅಂತ ರೇಗಿಸಿದ ಮಕ್ಕಳನ್ನೆಲ್ಲ ಕರಡಿ ಕರೆಸಿ ಸೀಳಿಸಿದನಲ್ಲ, ಆ ಭಾಗ ಯಾಕೆ ಬಿಟ್ರಿ? ಮೇಷ್ಟ್ರಿಗೆ ಅದೇ ಚೆನ್ನಾಗಿ ಒಪ್ತಿತ್ತು."

ಸಿಮೋನ ನಕ್ಕ. ನಗಬೇಕಾಗಿತ್ತು, ನಕ್ಕ.

"ನೋಡಿ, ಮುಚ್ಚುಮರೆ ಯಾಕೆ," ಎಂದು ಫಾಲ್ಕೊ ಅವನ ಹೆಗಲ ಮೇಲೆ ಕೈಹಾಕಿದ. "ವಿಯೆನ್ನಾದಿಂದ ಒಬ್ಬ ಪಂಡಿತ ಬರೋಕೆ ತುದಿಗಾಲಲ್ಲಿ ನಿಂತಿದಾನೆ. ಗ್ರೀಕ್ ಬೇರೆ ಬರುತ್ತೆ ಅವನಿಗೆ. ಇವತ್ತು ಪ್ರಭುಗಳಿಗೆ ಕಣ್ಣೀರು ಬಂತು ಅನ್ನಿ, ಶಾಲೆ ನಿಮ್ಮದು. ಆಕಳಿಕೆ ಬಂತೋ, ಈಸ್ಟರಿಗೆ ಅವನು ಇಲ್ಲಿರ್ತಾನೆ. ನನಗೇನು ಗೊತ್ತಾಗುತ್ತೆ ಕವಿತೆ ಗಿವಿತೆ, ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ. ಪ್ರಭುಗಳ ಮುಖ ನೋಡೋದಷ್ಟೇ ನನ್ನ ಕೆಲಸ."

ಶಾಲೆ ಹೋದರೆ ಸಿಮೋನ ಎಲ್ಲಿಗೆ ಹೋಗಬೇಕು? ಗಿರಣಿಯಲ್ಲಿ ಈಗ ತಮ್ಮ ಇದ್ದಾನೆ, ಅವನ ಹೆಂಡತಿ ಇದ್ದಾಳೆ, ಹಿಟ್ಟಿನ ಮೂಟೆ ಹೊರಲು ಈ ಬೆನ್ನು ಬರುವುದಿಲ್ಲ. ಯಾವುದಾದರೂ ಸಣ್ಣ ಊರಿನಲ್ಲಿ ಗಂಟೆ ಬಾರಿಸಿಕೊಂಡು, ವ್ಯಾಪಾರಿಗಳ ಮಕ್ಕಳಿಗೆ ಅಕ್ಷರ ತಿದ್ದಿಸಿಕೊಂಡು ಇರಬೇಕು. ಇಷ್ಟೇ ಕಾರಣ. ಇಷ್ಟು ಸಣ್ಣ ಕಾರಣಕ್ಕೆ ಒಂದು ಮಗುವಿನ ಹಣೆ ಮುಟ್ಟದೆ ನಿಂತಿದ್ದೇನೆಯೇ ಎಂದು ಕೇಳಿಕೊಂಡ. ಹೌದು, ನಿಂತಿದ್ದ. ಬಾಯಲ್ಲಿ ಬಿಸಿತುಪ್ಪ; ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನಾಟಕ ಎಷ್ಟು ಹೊತ್ತು ಮಹಾ? ಮುಗಿದ ತಕ್ಷಣ ತಾನೇ ಎತ್ತಿಕೊಂಡು ಹೋಗಿ ತಾಯಿಯ ಮಡಿಲಿಗೆ ಹಾಕುತ್ತೇನೆ, ವೈದ್ಯರನ್ನು ಕರೆಸುತ್ತೇನೆ, ಮಕ್ಕಳಿಗೆ ಜ್ವರ ಬರುತ್ತದೆ, ಹೋಗುತ್ತದೆ, ತನಗೇ ಎಷ್ಟು ಸಲ ಬಂದಿರಲಿಲ್ಲ. ಗಿರಣಿಯ ಹಿಂದಿನ ಕೋಣೆಯಲ್ಲಿ ಅವ್ವ ಬಟ್ಟೆಯನ್ನು ವಿನೆಗರಿನಲ್ಲಿ ಅದ್ದಿ ಹಣೆಗೆ ಹಾಕುತ್ತಿದ್ದಳು. ಏನೋ ಹೇಳುತ್ತಲೂ ಇದ್ದಳು, ಆ ಮಾತು ಯಾವುದು? ಬಟ್ಟೆಯ ತಂಪು ನೆನಪಿತ್ತು, ಹುಳಿ ವಾಸನೆ ನೆನಪಿತ್ತು, ಮಾತು ಮಾತ್ರ ನೆನಪಿಗೆ ಬರಲೊಲ್ಲದು. ಮೂಲೆಯಲ್ಲಿ ಬೆನೆಶ್ ವೀತನ ಕಾಲಿಗೆ ಚಪ್ಪಲಿಯ ದಾರ ಕಟ್ಟುತ್ತಿದ್ದ. ವೀತನಿಗೆ ಬಗ್ಗಲಾಗದು ಎಂದು ಅವನಿಗೂ ಗೊತ್ತಾಗಿತ್ತು.

ಬಾಗಿಲಲ್ಲಿ ಒಂದು ದೊಡ್ಡ ಹೊಟ್ಟೆ ಕಾಣಿಸಿಕೊಂಡಿತು, ಅದರ ಹಿಂದೆ ಬಿಷಪ್ಪರ ವೈದ್ಯ ರೋಖುಸ್. ದೇವರೇ ಕಳಿಸಿದ ಹಾಗೆ ಬಂದಿದ್ದ! ಕೈಯಲ್ಲಿ ಸಿಹಿ ಉಂಡೆ, ತುಟಿಯಲ್ಲಿ ಸಕ್ಕರೆಪುಡಿ. ಇವತ್ತು ಹಜಾರದ ಬಾಗಿಲೊಳಗೂ ಶಾಲೆಯ ಕಾಯಿದೆಯೇ ಆದ್ದರಿಂದ ಲ್ಯಾಟಿನ್ನಿನಲ್ಲೇ ಮಾತಾಡಿದ, ಸಿಮೋನನ ಪದ್ಯಗಳನ್ನು ಓದಿದೆನೆಂದೂ, ಮೂರನೆಯ ಅಂಕದ ಮೇಳಗೀತೆ ಪ್ರಾಚೀನರಿಗೆ ಸರಿಸಾಟಿಯೆಂದೂ. ಸಿಮೋನ ಹೇಳಬೇಕಾಗಿದ್ದದ್ದು ಒಂದೇ ಮಾತು: ಈ ಹುಡುಗನನ್ನು ಒಮ್ಮೆ ನೋಡಿ. ಲ್ಯಾಟಿನ್ನಿನಲ್ಲಿ ಅದಕ್ಕೆ ನಾಲ್ಕಾರು ಅಕ್ಷರ ಸಾಕು. ಅವನು ಹೇಳಿದ್ದೇನು? "ತಮ್ಮಂಥ ರಸಿಕರ ಒಂದು ಮೆಚ್ಚುಗೆಯು ನನಗೆ ಸಹಸ್ರ ಮಾಲೆಗಳಿಗೆ ಸಮಾನವು." ಮಾತು ಬಾಯಿಂದ ಹೊರಬಿದ್ದಂತೆ ಅದರ ಸೊಗಸು ಅವನಿಗೇ ಹಿಡಿಸಿತು, ಥೂ. ರೋಖುಸ್ ವೀತನ ಬೆನ್ನು ನೋಡಿದ. "ಬಾಲಕನು ಗೋಡೆಯನ್ನು ಏಕೆ ಆಲಿಂಗಿಸಿರುವನು?" "ಪಾತ್ರದಲ್ಲಿ ತಲ್ಲೀನನಾಗಿರುವನು," ಎಂದ ಸಿಮೋನ. ವೈದ್ಯ ತಲೆದೂಗಿ, ಬೆರಳು ನೆಕ್ಕಿಕೊಂಡು ಹೋದ. ಕೂಗಿ ಕರೆಯಬಹುದಿತ್ತು. ವೈದ್ಯನ ನಿಲುವಂಗಿಯ ಅಂಚು ಬಾಗಿಲು ದಾಟುವ ತನಕ ಕೂಗಬಹುದಿತ್ತು. ದಾಟಿದ ಮೇಲೂ ಕೂಗಬಹುದಿತ್ತು.

ಹಜಾರ ತುಂಬಿತು. ಬಿಷಪ್ಪರು ತಮ್ಮ ವಾತದ ಕಾಲನ್ನು ಮೆತ್ತೆಯ ಮೇಲೆ ಚಾಚಿ ನಡುವೆ ಕೂತರು, ವಿಯೆನ್ನಾದಿಂದ ಬಂದ ಅತಿಥಿಗಳು ಎಡಬಲಕ್ಕೆ. ಬಿಷಪ್ಪರು ಒಳ್ಳೆಯ ಮನುಷ್ಯ; ಪುಸ್ತಕ ಕಂಡರೆ ಮಗುವಿನ ಹಾಗೆ ಹಿಗ್ಗುವವರು, ಜೋಕು ಬಲ್ಲವರು. ಇವತ್ತು ಹಬ್ಬವೆಂದು ಅವರದೇ ಒಂದು ವಿನೋದ: ಮರದ ಕತ್ತೆಯನ್ನು ಶಾಲೆಯಿಂದ ತರಿಸಿ ತಮ್ಮ ಕುರ್ಚಿಯ ಪಕ್ಕದ ಮೊಳೆಗೆ ನೇತುಹಾಕಿಸಿದ್ದರು. ನಾಟಕ ಮುಗಿಯುವ ತನಕ ಈ ಹಜಾರದಲ್ಲಿ ಲ್ಯಾಟಿನ್ ಬಿಟ್ಟು ಬೇರೆ ಮಾತಾಡಿದವರಿಗೆ, ಅದು ತಾವೇ ಆದರೂ ಸರಿ, ಕತ್ತೆಯ ಹಾರ! ಬೆನೆಶನಿಗೆ ನಿಜವಾದ ತೋಳದ ಚರ್ಮದ ಟೋಪಿ ಕೊಟ್ಟು ಅದರ ಪಕ್ಕದಲ್ಲಿ ನಿಲ್ಲಿಸಿದ್ದರು. ಎಲ್ಲರೂ ನಕ್ಕು ತಮ್ಮ ತಮ್ಮ ಕೊರಳು ಮುಟ್ಟಿಕೊಂಡರು. ಸಿಮೋನನ ಕೈಯೂ ಕೊರಳಿಗೆ ಹೋಯಿತು. ಚಿಕ್ಕಂದಿನಲ್ಲಿ ಒಂದು ಇಡೀ ಚಳಿಗಾಲ ಅವನ ಕೊರಳಲ್ಲಿ ಅಂಥದೇ ಒಂದು ಕತ್ತೆ ಇತ್ತು. ಗಿರಣಿಯ ಹುಡುಗನ ಬಾಯಿ ಮತ್ತೆ ಮತ್ತೆ ತಪ್ಪುತ್ತಿತ್ತು. ಊಟಕ್ಕೆ ಬಗ್ಗಿದರೆ ಅದು ಗಂಜಿಯಲ್ಲಿ ಅದ್ದಿಕೊಳ್ಳುತ್ತಿತ್ತು, ಎಲ್ಲರೂ ನಗುತ್ತಿದ್ದರು. ಆಮೇಲೊಂದು ದಿನ ಬಾಯಿ ತಪ್ಪುವುದು ನಿಂತಿತು. ಕನಸಿನಲ್ಲೂ ನಿಂತಿತು. ಅವತ್ತು ಅವನಿಗೆ ಎಷ್ಟು ಖುಷಿಯಾಗಿತ್ತು!

ವೀತ್ ಪರದೆಯ ಮುಂದೆ ಹೋದ. ಹೋದ ಎಂದರೆ, ಗೋಡೆ ಹಿಡಿದುಕೊಂಡು ಹೋದ, ಆದರೆ ಬೆಳಕಿಗೆ ಬಂದ ಮೇಲೆ ಗೋಡೆ ಬಿಟ್ಟ. ಪೀಠಿಕೆಯ ಪದ್ಯವನ್ನು ಒಂದಕ್ಷರ ತಪ್ಪದೆ ಹೇಳಿದ. ದನಿ ಸಣ್ಣಗೆ, ಶುಭ್ರವಾಗಿ, ಎಲ್ಲೋ ದೂರದಿಂದ ಬರುವಂತೆ ಇತ್ತು. ಅಂಕಗಳು ಉರುಳಿದವು. ಹೆಂಗಸಿನ ವೇಷದ ಹುಡುಗ ಅತ್ತ, ಪ್ರವಾದಿ ಹರಸಿದ, ಮಗ ಹುಟ್ಟಿದ, ಬೆಳೆದ, ಕೊಯ್ಲಿನವರ ನಡುವೆ ಹೊಲಕ್ಕೆ ಬಂದ. ಸಿಮೋನ ಪರದೆಯ ಸಂದಿಯಿಂದ ನೋಡುತ್ತಿದ್ದ. "ನನ್ನ ಶಿರಸ್ಸು, ತಂದೆಯೇ, ನನ್ನ ಶಿರಸ್ಸು." ಹುಡುಗನ ಕೈ ಏಳಲಿಲ್ಲ. ಕೈ, ಕೈ ಎತ್ತೋ ಎಂದು ಸಿಮೋನನ ಒಳಗೆ ರೇಗಿತು, ಬೆಳಿಗ್ಗೆ ತಾನೇ ಹೇಳಿಕೊಟ್ಟಿದ್ದಲ್ಲವೇ. ಆಗ ಕೈ ಎದ್ದಿತು. ನಿಧಾನವಾಗಿ, ಅದು ತನ್ನದೇ ಕೈ ಎಂದು ಗೊತ್ತಿಲ್ಲದವನಂತೆ, ಎದ್ದು, ಹಣೆಯನ್ನು ಸರಿಯಾಗಿ ಮುಟ್ಟಿತು, ಕೆನ್ನೆಯನ್ನಲ್ಲ. ಇಡೀ ಹಜಾರ ಉಸಿರು ಬಿಗಿಹಿಡಿಯಿತು. ಬಿಷಪ್ಪರು ತೋಳಿನಿಂದ ಕಣ್ಣೊರೆಸಿಕೊಂಡರು. ಪ್ರಭುಗಳ ಮುಖ ನೋಡುವುದೇ ಕೆಲಸವಾದ ಫಾಲ್ಕೊ ಅದನ್ನು ನೋಡಿ, ಪರದೆಯ ಕಡೆ ತಿರುಗಿ, ಗೆದ್ದಿರಿ ಎಂಬಂತೆ ಹುಬ್ಬು ಹಾರಿಸಿದ. ಆ ಗಳಿಗೆಯಲ್ಲಿ ಸಿಮೋನನಿಗೆ ಸಂತೋಷವಾಯಿತು. ಸುಳ್ಳೇಕೆ, ಮೈಯೆಲ್ಲ ಬೆಚ್ಚಗಾಗುವಷ್ಟು ಸಂತೋಷವಾಯಿತು.

ಕೊಯ್ಲಿನ ಹುಡುಗರು ವೀತನನ್ನು ಹೊತ್ತು ತಂದು ಪ್ರವಾದಿಯ ಮಂಚದ ಮೇಲೆ ಮಲಗಿಸಿದರು. ಎಲೀಷ ಕೋಲೂರಿಕೊಂಡು ಬಂದ, ದೇವರನ್ನು ಕುರಿತ ತನ್ನ ಉದ್ದದ ಮೊರೆಯನ್ನು ಹೇಳಿದ. ಎಷ್ಟು ಸುಲಲಿತವಾಗಿ ಬಂತು! ಆಮೇಲೆ ಗ್ರಂಥದಲ್ಲಿ ಇರುವಂತೆಯೇ ಮಗುವಿನ ಮೇಲೆ ಬೋರಲು ಮಲಗಿದ, ಬಾಯಿಗೆ ಬಾಯಿ, ಕಣ್ಣಿಗೆ ಕಣ್ಣು, ಕೈಗೆ ಕೈ ಇಟ್ಟು. ಬೆಳಗಿನಿಂದ ಯಾವುದನ್ನು ಮುಟ್ಟದೆ ಇದ್ದನೋ ಅದನ್ನು ಈಗ ಇಡೀ ಮೈಯಿಂದ ಮುಟ್ಟಿದ. ಎರಡು ನಿಲುವಂಗಿಗಳನ್ನು ದಾಟಿ ಬಿಸಿ ಬಂದು ಅವನ ಎದೆಗೆ ತಾಗಿತು. ಕಾದ ಒಲೆಯ ಕಲ್ಲನ್ನು ತಬ್ಬಿಕೊಂಡ ಹಾಗೆ. ಕತ್ತು ಹಲಗೆಯಂತೆ ಸೆಟೆದಿತ್ತು, ತುಟಿ ಒಣಗಿ ಸುಲಿದಿತ್ತು. ಈಗ ಮಗು ಏಳು ಸಲ ಸೀನಿ ಕಣ್ಣು ಬಿಡಬೇಕು. ತಾಲೀಮಿನಲ್ಲಿ ಈ ಜಾಗಕ್ಕೆ ಬಂದಾಗಲೆಲ್ಲ ವೀತನಿಗೆ ನಗು ತಡೆಯುತ್ತಿರಲಿಲ್ಲ, ಮೇಷ್ಟ್ರ ಗಡ್ಡ ಮೂಗಿಗೆ ಕಚಗುಳಿಯಿಟ್ಟು ನಿಜವಾಗಿಯೇ ಸೀನು ಬರುತ್ತಿತ್ತು. ಸಿಮೋನ ಕಾದ. ಗಡ್ಡವನ್ನು ಅವನ ಮೂಗಿಗೆ ಒತ್ತಿದ. "ಸೀನುವಂಥವನಾಗು," ಎಂದು ಲ್ಯಾಟಿನ್ನಿನಲ್ಲಿ ಪಿಸುಗುಟ್ಟಿದ. ಹಜಾರ ಕಾಯುತ್ತಿತ್ತು. ಯಾರೋ ಕೆಮ್ಮಿದರು. ಆಗ ಅವನ ಬಾಯಿಂದ, ಎಷ್ಟೋ ವರ್ಷ ಇಂಥ ಗೋಡೆಗಳ ಒಳಗೆ ಬಾರದ ಮಾತು, ಅವ್ವನ ಮಾತು, ತಾನಾಗಿ ಬಂತು. "ವೀತೂ. ಮರೀ. ಕಣ್ಣು ಬಿಡೋ ಕಂದ. ಎಲ್ಲಿ ನೋಯ್ತಿದೆ ಹೇಳೋ, ಹೆಂಗಾದ್ರೂ ಹೇಳೋ."

ಹುಡುಗನ ರೆಪ್ಪೆ ಒಂದಿಷ್ಟು ತೆರೆಯಿತು. ಕಣ್ಣಿನಲ್ಲಿ ಹೆದರಿಕೆ ಇತ್ತು, ತನಗಾಗಿ ಅಲ್ಲ.

"ಲ್ಯಾಟಿನ್, ಮೇಷ್ಟ್ರೇ," ಎಂದ, ಉಸಿರಿನಷ್ಟೇ ಸಣ್ಣಗೆ. "ತೋಳ ಇದಾನೆ... ಕೇಳಿಸ್ಕೊಂಬಿಡ್ತಾನೆ."

ಆಮೇಲೆ ಆ ಕಣ್ಣು ಮೇಲಕ್ಕೆ ತಿರುಗಿತು. ಸಿಮೋನ ಅವನನ್ನು ಬಾಚಿ ಎತ್ತಿಕೊಂಡು ಎದ್ದ. ಗಡ್ಡ ಒಂದು ಕಿವಿಯಿಂದ ಕಳಚಿ ಜೋತುಬಿತ್ತು. "ವೈದ್ಯರನ್ನ ಕರೀರೋ!" ಎಂದು ಕೂಗಿದ, ಮನೆಮಾತಿನಲ್ಲಿ, ಗಿರಣಿಯ ಗದ್ದಲದ ಮೇಲೆ ಕೂಗುವವನ ಗಂಟಲಿನಲ್ಲಿ. "ಈ ಮಗೂಗೆ ಮೈ ಸುಡ್ತಾ ಇದೆ, ಸಾಯ್ತಾ ಇದೆ ಮಗು, ಯಾರಾದ್ರೂ ಬನ್ರೋ! ನಾಟಕ ಅಲ್ರಪ್ಪೋ ಇದು!" ಆಮೇಲೆ ಬಿಷಪ್ಪರು ತೊಡೆ ತಟ್ಟಿ ನಕ್ಕರು. ಎಂಥ ಉಪಾಯ! ಪ್ರವಾದಿಯೇ ಪಾಮರರ ಭಾಷೆಯಲ್ಲಿ ಗೋಳಾಡುವುದು, ತಾವು ಮಾಡಿದ ಕಾಯಿದೆಗೆ ಮೇಷ್ಟ್ರು ತಾವಾಗಿಯೇ ಕೊರಳೊಡ್ಡುವುದು, ಹಬ್ಬಕ್ಕೆ ಇದಕ್ಕಿಂತ ಒಳ್ಳೆಯ ವಿನೋದ ಬೇಕೆ? ಹಜಾರಕ್ಕೆ ಹಜಾರವೇ ನಕ್ಕಿತು, ಚಪ್ಪಾಳೆ ತಟ್ಟಿತು, ವೈದ್ಯ ರೋಖುಸ್ ಎದ್ದು ನಿಂತು ತಟ್ಟಿದ. ಸಿಮೋನ ಮತ್ತೆ ಕೂಗಿದ. ಜೋರಾಗಿ ಕೂಗಿದಷ್ಟೂ ಜೋರಾಗಿ ತಟ್ಟಿದರು. ಬಿಷಪ್ಪರು ಬೆನೆಶನಿಗೆ ಸನ್ನೆ ಮಾಡಿದರು. ತೋಳದ ಟೋಪಿಯ ಹುಡುಗ ಮೊಳೆಯಿಂದ ಕತ್ತೆ ತೆಗೆದುಕೊಂಡು ಬಂದ. ಹತ್ತಿರ ಬಂದವನು ವೀತನ ಮುಖ ನೋಡಿ ನಿಂತ. ಹಿಂದಕ್ಕೆ ಬಿಷಪ್ಪರನ್ನು ನೋಡಿದ, ಮತ್ತೆ ವೀತನನ್ನು. ಆದರೂ ಎರಡು ಕೈಯಲ್ಲೂ ಹಗ್ಗ ಹಿಡಿದು ಎತ್ತಿದ; ಕೈ ಎಟುಕಲಿಲ್ಲ. ಸಿಮೋನ ಏನು ಮಾಡುತ್ತಿದ್ದೇನೆಂದು ತಿಳಿಯುವ ಮುಂಚೆ ಅವನ ಕತ್ತು ತಾನಾಗಿ ಬಗ್ಗಿ ಕೊಟ್ಟಿತು.

ಪಕ್ಕದ ಬಾಗಿಲಿನಿಂದ ಅಂಗಳಕ್ಕೆ ಬಂದ. ಹಿಮ ಕರಗಿ ಕೆಸರಾಗಿತ್ತು. ನಡೆದ ಹಾಗೆಲ್ಲ ಮರದ ಕತ್ತೆ ತೂಗಾಡಿ ಹುಡುಗನ ತಲೆಗೆ ಬಡಿಯುತ್ತಿತ್ತು, ಅದೇ ತಲೆಗೆ. ಕೈ ಎರಡೂ ತುಂಬಿದ್ದವು, ಸರಿಸಲಾಗಲಿಲ್ಲ. ಅಡ್ಡಡ್ಡ ನಡೆದು ನೋಡಿದ, ಎದೆ ಹಿಂದಕ್ಕೆ ಬಾಗಿಸಿ ನೋಡಿದ, ಆದರೂ ಬಡಿಯುತ್ತಿತ್ತು. ರೋಖುಸ್ ಇನ್ನೂ ನಗುತ್ತಲೇ ಹಿಂದೆ ಬಂದ, ಬೆನ್ನು ತಟ್ಟಲು ಕೈ ಎತ್ತಿದ, ಹುಡುಗನ ತಲೆ ಜೋತ ರೀತಿ ನೋಡಿ ಆ ಕೈಯನ್ನು ಹುಡುಗನ ಕೊರಳಿಗೆ ಇಟ್ಟ. ಬಹಳ ಹೊತ್ತು ಇಟ್ಟಿದ್ದ. ಸಕ್ಕರೆಪುಡಿಯ ಬೆರಳಿನಿಂದ ರೆಪ್ಪೆ ಎತ್ತಿ ನೋಡಿದ. ಆಮೇಲೆ ಲ್ಯಾಟಿನ್ನಿನಲ್ಲಿ ಒಂದೇ ಪದ ಹೇಳಿದ. ಸಮಾಧಿಕಲ್ಲುಗಳ ಮೇಲೆ, ಹೆಸರಿಗೂ ತಾರೀಖಿಗೂ ನಡುವೆ, ಸಿಮೋನ ಲೆಕ್ಕವಿಲ್ಲದಷ್ಟು ಸಲ ಓದಿದ ಪದ. ಹಜಾರದಲ್ಲಿ ಚಪ್ಪಾಳೆ ಇನ್ನೂ ನಿಂತಿರಲಿಲ್ಲ.

ಚಪ್ಪಾಳೆ ಕೇಳಿ ನಾಟಕ ಮುಗಿಯಿತೆಂದುಕೊಂಡು ದೋರೋತಾ ಅಡುಗೆಮನೆಯಿಂದ ಬಂದಳು. ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ, ಕೆಸರಿನಲ್ಲಿ ಹೆಜ್ಜೆ ನೋಡಿಕೊಂಡು, ನಗುಮುಖದಲ್ಲಿ ಬಂದಳು. ಮೇಷ್ಟ್ರು ಕೊಟ್ಟ ಮಾತಿನಂತೆ ಮುಗಿದ ತಕ್ಷಣ ಮಗನನ್ನು ಕಳಿಸುತ್ತಿದ್ದಾರೆ, ತಾವೇ ಎತ್ತಿಕೊಂಡು ಬಂದಿದ್ದಾರೆ! ಹತ್ತಿರ ಬಂದಂತೆ ಹೆಜ್ಜೆ ನಿಧಾನವಾಯಿತು. ವೈದ್ಯ ಮುಖ ತಿರುಗಿಸಿಕೊಂಡ. ಈಗ ಹೇಳಬೇಕು. ಇಲ್ಲಿ ತೋಳವಿಲ್ಲ, ಕಾಯಿದೆಯಿಲ್ಲ, ಕತ್ತೆ ಆಗಲೇ ಕೊರಳಲ್ಲಿದೆ. ಸಿಮೋನ ಅವ್ವನ ಮಾತುಗಳನ್ನು ಹುಡುಕಿದ, ಕೂಗುವುದಕ್ಕೆ ಬಂದ ಮಾತು ಹೇಳುವುದಕ್ಕೆ ಬರಲಿಲ್ಲ, ಅವನ ಬಾಯಿ ತೆರೆಯಿತು, ತುಟಿ ಅಲ್ಲಾಡಿತು, ಮತ್ತು ಬಂದದ್ದು ವೈದ್ಯ ಹೇಳಿದ ಅದೇ ಒಂದು ಪದ, ಅಚ್ಚುಕಟ್ಟಾದ ಉಚ್ಚಾರದಲ್ಲಿ. ಮತ್ತೆ ಬಾಯಿ ತೆರೆದ, ಮತ್ತೆ ಅದೇ ಬಂತು.

ದೋರೋತಾಳಿಗೆ ಅದು ತಿಳಿಯಲಿಲ್ಲ. ಅವಳು ಬೆಳಗಿನ ಹಾಗೆಯೇ ಮಗನ ಮುಖದ ಕಡೆ ಬಗ್ಗಿದಳು.

"ಏನಂತಾರೋ ಮಗಾ, ಮೇಷ್ಟ್ರು?"